ನನಗೆಂದು ತರಿಸಿದ ಕಿತ್ತಳೆ ಲಿಕ್ಯೂರ್

ಐವತ್ತು ದಾಟಿದ ಮೇಲೆ ನನಗೊಂದು ಹಟ ಹುಟ್ಟಿತು ಎಂದರೆ ನೀವು ಯೋಗಾಸನವೋ ಕಾಶಿಯಾತ್ರೆಯೋ ಇರಬೇಕೆಂದು ಊಹಿಸುವಿರಿ. ಅದಲ್ಲ. ಬೇಸಿಗೆಯ ಸಂಜೆ ಕೈಯಾರೆ ಒಂದು ಕಾಕ್‌ಟೇಲ್ ಮಾಡಿಕೊಂಡು, ನಮ್ಮದೇ ತಾರಸಿಯಲ್ಲಿ ಕುಳಿತು ಕುಡಿಯಬೇಕೆಂಬ ಹಟ.

ಇದಕ್ಕೆ ಕಾರಣ ಸಹೋದ್ಯೋಗಿಯ ಮಗಳ ಮದುವೆಯ ಔತಣ. ಯಾರೋ ಕೈಗಿತ್ತ ಗ್ಲಾಸಿನಲ್ಲಿ ಕಿತ್ತಳೆ ಸಿಪ್ಪೆಯ ಘಮ. ಸಿಹಿಯ ಬೆನ್ನಿಗೇ ಸಣ್ಣ ಕಹಿ. ಅರ್ಧ ಕುಡಿದ ಮೇಲೆ ಅದು ಬರೀ ಜ್ಯೂಸ್ ಅಲ್ಲವೆಂದು ತಿಳಿಯಿತು. ತಿಳಿದೇ ಉಳಿದರ್ಧ ಮುಗಿಸಿದೆ. ಘಮ ಕಿತ್ತಳೆ ಲಿಕ್ಯೂರ್ ಎಂಬ ಸಿಹಿಮದ್ಯದ್ದೆಂದು ಬಡಿಸುವವನನ್ನು ಕೇಳಿ ತಿಳಿದುಕೊಂಡೆ.

ದುಬೈಯಲ್ಲಿರುವ ನನ್ನ ತಮ್ಮ ರಜೆಗೆ ಬರುವಾಗ ಭಾವನಿಗೆ ವಿಸ್ಕಿ, ಅಕ್ಕನಿಗೆ ಬಾದಾಮಿ ಮತ್ತು ಸಾಬೂನು ತರುವುದು ನಮ್ಮ ಮನೆಯ ಸಂವಿಧಾನ. ಈ ಸಲ ಫೋನಿನಲ್ಲೇ ತಿದ್ದುಪಡಿ ತಂದೆ.

"ಬಾದಾಮಿ ಬೇಡ. ಕಿತ್ತಳೆ ಲಿಕ್ಯೂರ್ ಒಂದು ಬಾಟ್ಲಿ ತಾ."

"ಭಾವನಿಗಾ?"

"ನನಗೆ."

"ನಿನಗಾ? ಆಯ್ತು ಅಕ್ಕ" ಎಂದ. ಬಜಪೆ ವಿಮಾನ ನಿಲ್ದಾಣದಲ್ಲಿಳಿದು ಬಂದವನು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ಒಪ್ಪಿಸುವಂತೆ ನನ್ನ ಕೈಗಿಟ್ಟ.

ಈ ಲಿಕ್ಯೂರಿಗೊಂದು ಕತೆ ಹೇಳುತ್ತಾರೆ. ಎಲ್ಲೋ ದೂರದ ದ್ವೀಪಕ್ಕೆ ಒಯ್ದು ನೆಟ್ಟ ಕಿತ್ತಳೆ ಅಲ್ಲಿಯ ಮಣ್ಣಿಗೆ ಒಗ್ಗದೆ ಬಾಯಿಗಿಡಲಾರದಷ್ಟು ಕಹಿಯಾಯಿತಂತೆ. ಆದರೆ ಒಣಗಿದ ಸಿಪ್ಪೆ ಘಮಘಮಿಸಿ ಈ ಲಿಕ್ಯೂರಿಗೆ ಒದಗಿತಂತೆ. ಮದುವೆಯಾಗಿ ಬೇರೆ ಮನೆಗೆ ಬಂದ ಹೆಂಗಸರಿಗೆ ಈ ಕತೆ ಬೇಗ ಅರ್ಥವಾಗುತ್ತದೆ.

ಪ್ರಯೋಗಗಳು ಸುಲಭವಾಗಿರಲಿಲ್ಲ. ನಿಂಬೆ ಶರಬತ್ತಿಗೆ ಬೆರೆಸಿದರೆ ಕೆಮ್ಮಿನ ಔಷಧಿಯ ರುಚಿ. ಎಳನೀರಿಗೆ ಹಾಕಿದರೆ ಎಳನೀರೂ ಹಾಳು, ಲಿಕ್ಯೂರೂ ಹಾಳು. ನಾನು ಬಿಡಲಿಲ್ಲ. ಕಂಕನಾಡಿ ಮಾರ್ಕೆಟಿನಿಂದ ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಒಣಸಿಪ್ಪೆ ತಂದು ನೆನೆಸಿ, ಆ ಕೆಂಪು ನೀರಿಗೆ ಸಕ್ಕರೆ ಹಾಕದೆ, ಚಿಟಿಕೆ ಉಪ್ಪು, ಎರಡು ಚಮಚ ಲಿಕ್ಯೂರ್, ನನ್ನವರ ಕಪಾಟಿನಿಂದ ಸ್ವಲ್ಪ ಜಿನ್, ಮೇಲೆ ಸೋಡ, ಐಸು ಹಾಕಿದೆ. ಹುಳಿ, ಸಿಹಿ, ಕಹಿ ಮೂರೂ ಜಗಳವಾಡದೆ ನಾಲಗೆಯ ಮೇಲೆ ಕುಳಿತವು.

ಇನ್ನು ನಾನು ಕುಳಿತುಕೊಳ್ಳುವುದೊಂದೇ ಬಾಕಿ.

ಶನಿವಾರ ಸಂಜೆ ನಮ್ಮ ತಾರಸಿಯಲ್ಲಿ ನನ್ನವರ ಗೆಳೆಯರ ಕೂಟ. ಅವರು ಕುಡಿಯುತ್ತಾರೆ, ನಾನು ಬಂಗುಡೆ ಮೀನು ಕಾಯಿಸಿ ಮೆಟ್ಟಿಲು ಹತ್ತುತ್ತೇನೆ, ಖಾಲಿ ತಟ್ಟೆ ಹಿಡಿದು ಇಳಿಯುತ್ತೇನೆ. ವರ್ಷಾನುಗಟ್ಟಲೆ ನಡೆದ ಕ್ರಮವಿದು. ಕೂರು ಎಂದು ಯಾರೂ ಹೇಳಿರಲಿಲ್ಲ. ಕೂರಬೇಡ ಎಂದೂ ಯಾರೂ ಹೇಳಿರಲಿಲ್ಲ. ಆ ಶನಿವಾರ ತಟ್ಟೆಯ ಬದಲು ನನ್ನ ಗ್ಲಾಸು ಹಿಡಿದು ಹತ್ತಿದೆ. ಕುರ್ಚಿ ಎಳೆದು ಕುಳಿತೆ.

ಗೆಳೆಯ ಜಗನ್ನಾಥರು ಗಂಟಲು ಸರಿಮಾಡಿಕೊಂಡು, "ಅತ್ತಿಗೆ, ಇವತ್ತು ಮೀನು ಇಲ್ವಾ?" ಎಂದರು.

"ಉಂಟು. ಮಸಾಲೆ ಹಚ್ಚಿ ಇಟ್ಟಿದ್ದೇನೆ. ಕಾವಲಿ ಒಲೆ ಮೇಲೆ ಉಂಟು."

ಯಾರ ಕಡೆಗೂ ನೋಡದೆ ಒಂದು ಗುಟುಕು ಕುಡಿದೆ. ನನ್ನವರು ಗೆಳೆಯರನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಕೆಳಗೆ ಹೋದರು. ಬಂಗುಡೆ ಒಂದು ಬದಿ ಕರಿ, ಇನ್ನೊಂದು ಬದಿ ಹಸಿಯಾಗಿ ಬಂತು. ಎಲ್ಲರೂ ಅದನ್ನೇ ತಿಂದು ತಟ್ಟೆ ಖಾಲಿ ಮಾಡಿದರು. ಆಮೇಲೆ ನನ್ನವರು ನನ್ನ ಗ್ಲಾಸಿನಿಂದ ಒಂದು ಗುಟುಕು ಕುಡಿದು, "ಎಂತ ಹಾಕಿದ್ದಿ ಮಾರಾಯ್ತಿ, ಲಾಯ್ಕುಂಟು" ಎಂದರು. ಜಿನ್ನಿನ ಮಾತೆತ್ತಲಿಲ್ಲ.

ಮುಂದಿನ ಶನಿವಾರ ಜಗನ್ನಾಥರ ಹಿಂದೆಯೇ ಅವರ ಹೆಂಡತಿ ಶಾರದಕ್ಕ ಮೆಟ್ಟಿಲು ಹತ್ತಿ ಬಂದರು. ಅವರು ವ್ರತ ತಪ್ಪಿಸದವರು. ಮದ್ಯದ ವಾಸನೆಗೇ ಮೂಗು ಮುಚ್ಚುವವರು. ಏನು ಕೊಡಲಿ ಎಂದು ನಾನು ಪೇಚಾಡುತ್ತಿರುವಾಗ ಅವರೇ ಹೇಳಿದರು:

"ನನಗೆ ಬರೀ ಪುನರ್ಪುಳಿ ಸಾಕು. ಕುರ್ಚಿ ಮಾತ್ರ ನಿನ್ನ ಹತ್ತಿರ ಹಾಕು."