ಎಲೆ ಮಡಿಸಿದ ಹಾಗೆ ಮಡಿಸಿದ ಓಟು

‘ನೀನು ಯಾರಿಗೆ ಓಟು ಹಾಕಿದೆ ಅಂತ ನನಗೆ ಗೊತ್ತು’ ಎಂದು ಯಾರಾದರೂ ನಿಮ್ಮ ಮುಖಕ್ಕೇ ಹೇಳಿದ್ದಾರಾ? ನಮ್ಮ ಮನೆಯಲ್ಲಿ ಹಾಕುವ ಮೊದಲೇ ಹೇಳಿದ್ದರು.

ಅರವತ್ತೆರಡರ ಚುನಾವಣೆ. ನಾನು ತಮಿಳು ಸೀಮೆಯ ಕಂಬಂ ಕಡೆಯ ಹನುಮಂತನಪಟ್ಟಿಗೆ ಸೊಸೆಯಾಗಿ ಬಂದ ಹೊಸತು. ಅತ್ತೆಗೆ ಗಂಡ ಇರಲಿಲ್ಲ, ಒಂದು ವೀಳ್ಯದೆಲೆ ತೋಟ ಇತ್ತು. ಅದಕ್ಕೆ ನೀರು ಆಕೆಯ ಭಾವನ ಬಾವಿಯಿಂದ. ಆತನನ್ನು ನಾನು ದೊಡ್ಡಮಾವ ಎನ್ನುತ್ತಿದ್ದೆ. ಆತ ಒಂದು ಪಕ್ಷದ ಆಳು. ಅತ್ತೆಗೆ ಆ ಪಕ್ಷ ಕಂಡರಾಗದು. ಬಾಯಿಬಿಟ್ಟರೆ ನೀರು ನಿಲ್ಲುತ್ತದೆ, ಬಳ್ಳಿ ಒಣಗುತ್ತದೆ.

ಆ ಚುನಾವಣೆಗೆ ಮೊದಲು ಪರದೆಯ ಹಿಂದೆ ಒಂದೊಂದು ಚಿಹ್ನೆಗೆ ಒಂದೊಂದು ಪೆಟ್ಟಿಗೆ. ಬೇಕಾದ್ದರಲ್ಲಿ ಚೀಟಿ ಹಾಕಿ ಬಂದರಾಯಿತು. ಆ ಸಲ ನಿಯಮ ಬದಲಾಯಿತು. ಎಲ್ಲ ಚಿಹ್ನೆಗಳೂ ಒಂದೇ ಚೀಟಿಯಲ್ಲಿ. ಮುದ್ರೆ ಒತ್ತಿ, ಮಡಿಸಿ, ಎಲ್ಲರೆದುರು ಒಂದೇ ಪೆಟ್ಟಿಗೆಗೆ ಹಾಕಬೇಕು. ಮೋಸ ತಡೆಯುವುದಕ್ಕೆ ಎಂದರು. ಸರಿ. ಆದರೆ ನಮ್ಮೂರಿನ ಪೆಟ್ಟಿಗೆಯನ್ನು ಬೇರೆಯಾಗಿಯೇ ಎಣಿಸುತ್ತಾರೆ, ಪಕ್ಷದವರು ಎದುರಿಗೇ ಕೂತಿರುತ್ತಾರೆ. ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ದೊಡ್ಡಮಾವ ಹೇಳಿದ. ಜಗಲಿಯಲ್ಲಿ ಕೂತು, ಅತ್ತೆ ಕೊಟ್ಟ ವೀಳ್ಯವನ್ನು ತಿರುಗಿಸಿ ನೋಡಿದ.

“ಏನಮ್ಮಾ, ಹಿಂಗೆ ಮುಕ್ಕೋಣ ಮಡ್ಸಿ ಬಾಲ ಒಳಗೆ ಸಿಗ್ಸೋಳು ಈ ಊರಾಗೆ ನೀನೊಬ್ಳೇ. ಎಣಿಸ್ವಾಗ ನಾನೇ ಕುಂತಿರ್ತೀನಿ.”

“ಓಟು ಎಲೆ ಅಲ್ವಲ್ಲಾ ಭಾವ.”

“ಕೈ ಅದೇ ಅಲ್ವಾ?” ನಕ್ಕ. “ಚುಮ್ಮಾ, ತಮಾಷೆಗೆ ಹೇಳ್ದೆ. ನಾಳಿದ್ದು ನಿನ್ ನೀರಿನ ಸರದಿ, ಮರೀಬ್ಯಾಡ.”

ಅತ್ತೆಯ ಮುಖದಲ್ಲಿ ನಗುವಿರಲಿಲ್ಲ.

ಓಟಿನ ದಿನ ಆಕೆ ಪರದೆಯ ಹಿಂದೆ ಬಹಳ ಹೊತ್ತು ನಿಂತಿದ್ದಳು. ಬರುವ ದಾರಿಯಲ್ಲಿ ಕೇಳಿದೆ:

“ಹೆಂಗೆ ಮಡ್ಸಿದ್ರಿ ಅತ್ತೆ?”

“ನಿನ್ ದೊಡ್ಡತ್ತೆ ಎಲೆ ಮಡ್ಸ್ದಂಗೆ. ಸುರುಳಿ ಸುತ್ತಿ ಚಪ್ಪಟೆ ಮಾಡ್ದೆ.”

ದೊಡ್ಡತ್ತೆ ಎಂದರೆ ದೊಡ್ಡಮಾವನ ಹೆಂಡತಿಯೇ! ನನಗೆ ನಗು ತಡೆಯಲಾಗಲಿಲ್ಲ.

“ಹಲ್ಲು ಕಿರೀಬ್ಯಾಡ, ನಡಿ.”

ಎಣಿಕೆ ಮುಗಿಯಿತು. ನಮ್ಮ ತೋಟಕ್ಕೆ ನೀರು ಎಂದಿನಂತೆ ಬಂತು. ಆದರೆ ದೊಡ್ಡತ್ತೆ ಕಣ್ಣು ಕೆಂಪಗೆ ಮಾಡಿಕೊಂಡು ನಮ್ಮ ಅಡುಗೆಮನೆಗೆ ಬಂದಳು.

“ತಂಗೀ, ನಮ್ಮೋರು ಎಣಿಕೆಯಿಂದ ಬಂದಾಗ್ಲಿಂದ ನನ್ ಕೈಯಿಂದ ಎಲೆ ಈಸ್ಕೊತಿಲ್ಲ. ಯಾರ್ಗ್ ಹಾಕ್ದೆ, ಯಾರ್ಗ್ ಹಾಕ್ದೆ ಅಂತ ಒಂದೇ ಸಮ ಕೇಳ್ತಾರೆ.”

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. “ನೀವೇನಂದ್ರಿ ಅಕ್ಕಾ?”

“ನಿಮ್ ಕಟ್ಸಿಗೇ, ನಿಮ್ ಪಕ್ಷಕ್ಕೇ ಅಂದೆ.” ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಸುಳ್ಳು ಕಣೇ, ಹಾಕಿದ್ದು ಬೇರೆಯವ್ರಿಗೆ. ಆದ್ರೆ ಅವ್ರಿಗೆ ಹೆಂಗೆ ಗೊತ್ತಾಯ್ತು?”

ಅತ್ತೆ ಒಲೆಯ ಕಡೆ ತಿರುಗಿದಳು. ನಿಜ ಹೇಳಿದ್ದರೆ ಮರುದಿನವೇ ನೀರು ನಿಲ್ಲುತ್ತಿತ್ತು.

ಆತ ನೋಡಿದ್ದು ಯಾರ ಸುರುಳಿ? ಏನನ್ನೂ ನೋಡದೆ ಸುಮ್ಮನೆ ಎರಡು ಮನೆಯನ್ನೂ ಹೆದರಿಸಿದನಾ? ಎದುರಿಗೆ ಕೂತಿದ್ದ ಅಧಿಕಾರಿಗಳು ಏನು ಮಾಡುತ್ತಿದ್ದರು? ಗುಟ್ಟಿನ ಓಟು ಎಂದು ಯಾರೇ ಹೇಳಲಿ, ಎಣಿಸುವಾಗ ಎದುರಿಗೆ ಕೂರುವವರು ಯಾರು ಎಂದು ನಾನು ಇವತ್ತಿಗೂ ಮೊದಲು ಕೇಳುತ್ತೇನೆ.

ಕಂಬಂ, ತೇವಾರಂ, ಬತ್ತಲಗುಂಡು ಕಡೆಯವರೇ, ನಿಮ್ಮ ಮನೆಯ ಹೆಂಗಸರು ಆ ಹೊಸ ಚೀಟಿಯನ್ನು ಹೇಗೆ ಮಡಿಸಿದರು? ಯಾರಿಗೆ ಹೆದರಿದರು? ಕೆಳಗೆ ಬರೆಯಿರಿ. ಹೆಸರು ಬೇಡ.