ಆಚಾರಿ ಅಗಲಿಸಿದ ಬಾಗಿಲು

ಮೊನ್ನೆ ಬೀರುವಿನ ಹಿಂದೆ ಇಲಿ ಸತ್ತು ನಾರುತ್ತಿತ್ತು. ಅದೇ ಕೋಣೆಯಲ್ಲಿ ಮೊಮ್ಮಗ ತನ್ನ ಮಗಳ ಜೊತೆ ಕೂತು ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಮನೆ ಕಟ್ಟುತ್ತಿದ್ದ. ನನಗೆ ಆಚಾರಿ ನೆನಪಾದ.

ಆಗ ಎರಡನೇ ಮಹಾಯುದ್ಧದ ಕಾಲ, ನಾನಿನ್ನೂ ಚಿಕ್ಕ ಹುಡುಗಿ. ನಮ್ಮದು ಬಾಗಲೂರು. ಪಕ್ಕದ ಮನೆಯ ಬಡಗಿ ಆಚಾರಿಗೆ ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು, ನನ್ನ ವಾರಿಗೆಯವಳು. ಸಂಜೆ ಉಳಿ ಕೆಳಗಿಟ್ಟ ಮೇಲೆ ಅಪ್ಪ ಮಗಳು ಮಿಕ್ಕ ಮರದ ತುಂಡುಗಳಿಂದ ಜಗಲಿಯ ಮೇಲೆ ಮನೆ ಕಟ್ಟುತ್ತಿದ್ದರು. ಮೊಳೆ ಇಲ್ಲ, ಗೋಂದು ಇಲ್ಲ. ತುಂಡಿನೊಳಗೆ ತುಂಡು ಕೂರುತ್ತಿತ್ತು.

"ಅಪ್ಪಾ, ಬಾಗ್ಲು ದೊಡ್ದ್ ಮಾಡು. ನನ್ ಗೊಂಬೆ ಬಗ್ಗಾಕಿಲ್ಲ."

"ಆಗ್ಲಿ ದೊರೆಸಾನಿ, ನಿನ್ ಗೊಂಬೆಗೆ ಸೊಂಟನೇ ಇಲ್ವಲ್ಲ," ಎಂದು ನಗುತ್ತಾ ಬಾಗಿಲು ಅಗಲಿಸಿದ.

ನಮ್ಮಪ್ಪನ ಕೈ ನನ್ನ ಮೇಲೆ ಬೀಳುತ್ತಿದ್ದುದು ಹೊಡೆಯುವುದಕ್ಕೆ ಮಾತ್ರ. ಅವರಿಬ್ಬರನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ನನ್ನನ್ನೂ ಆಟಕ್ಕೆ ಸೇರಿಸಿಕೋ ಎಂದು ಅವಳನ್ನು ಕೇಳಿದೆ... "ನಿಮ್ಮಪ್ಪುನ್ನ ಕಟ್ಕೊಡು ಅನ್ನು, ಹೋಗೆ" ಎಂದಳು.

ಆ ವರ್ಷ ಪ್ಲೇಗು. ಇಲಿ ಸತ್ತು ಬಿದ್ದರೆ ಮುಟ್ಟಬೇಡಿ, ದೊಡ್ಡವರಿಗೆ ಹೇಳಿ ಎಂದು ನಮಗೆಲ್ಲ ಬಡಿದು ಕಲಿಸಿದ್ದರು. ನಮ್ಮ ಹಿತ್ತಲಲ್ಲಿ ಒಂದು ಬಿದ್ದಿತ್ತು. ನಾನು ಯಾರಿಗೂ ಹೇಳಲಿಲ್ಲ. ಕಡ್ಡಿಯಲ್ಲಿ ಎತ್ತಿಕೊಂಡು ಹೋಗಿ, ಅವಳ ಮರದ ಮನೆಯ ಆ ದೊಡ್ಡ ಬಾಗಿಲಿನಿಂದ ಒಳಗೆ ತಳ್ಳಿದೆ. ಹೆದರಲಿ ಎಂದಷ್ಟೇ ಮಾಡಿದೆ ಅಂದರೆ ಅರ್ಧ ಸುಳ್ಳು.

ಅವಳು ಹೆದರಲೂ ಇಲ್ಲ. ಬಾಲ ಹಿಡಿದೆಳೆದು ಬಿಸಾಡಿ, ಗೊಂಬೆಯನ್ನು ಒಳಗಿಟ್ಟಳು. ಮನೆಯೊಳಗೆ ಇಲಿ ಸತ್ತಿತ್ತೆಂದು ಸಂಜೆ ಅಪ್ಪನಿಗೂ ಹೇಳಿದಳು. ನಾಲ್ಕನೇ ದಿನ ಜ್ವರ, ಕಂಕುಳಲ್ಲಿ ಗಡ್ಡೆ... ವಾರದೊಳಗೆ ಮಣ್ಣು ಮಾಡಿದರು. ಊರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿತು.

ಅಲ್ಲಿ ಆಚಾರಿ ನಮ್ಮವ್ವನ ಮುಂದೆ ಕೂತು, "ಬಾಗ್ಲು ದೊಡ್ದ್ ಮಾಡ್ಬುಟ್ಟೆ ಕಣಕ್ಕ, ಇಲಿ ನುಗ್ಬುಡ್ತು. ನಾನೇ ಕೊಂದೆ" ಎಂದ. ನಾನು ಪಕ್ಕದಲ್ಲೇ ಮುದ್ದೆ ನುಂಗುತ್ತಿದ್ದೆ. ನುಂಗಿದೆ.

ಊರಿಗೆ ಮರಳಿದ ಮೇಲೆ ಅವನು ಯಾರಿಗೂ ನೆಟ್ಟಗೆ ಒಂದು ಬಾಗಿಲು ಮಾಡಿಕೊಡಲಿಲ್ಲ. ಎಲ್ಲಾ ಗಿಡ್ಡ, ಎಲ್ಲಾ ಕಿರಿದು. "ಏನ್ಲಾ ಆಚಾರಿ, ಮನುಷ್ರು ನುಗ್ಗಾಕ್ ಮಾಡ್ಲಾ, ಕೋಳಿಗಲ್ಲ!" ಎಂದು ಜನ ಹಣೆ ಉಜ್ಜಿಕೊಂಡು ಬೈದರು. ಕಡೆಗೆ ಹುಚ್ಚನೆಂದು ಕೆಲಸ ಕೊಡುವುದನ್ನೇ ಬಿಟ್ಟರು. ತಪ್ಪು ಬಾಗಿಲಿನದಲ್ಲ ಎಂಬ ಒಂದು ಮಾತು ನನ್ನ ಬಾಯಲ್ಲಿತ್ತು. ಅವನು ಸಾಯುವವರೆಗೂ ಅದು ಅಲ್ಲೇ ಇತ್ತು.

"ಅಜ್ಜಿ, ಬಾಗ್ಲು ಎಷ್ಟ್ ದೊಡ್ದ್ ಇಕ್ಲಿ?" ಎಂದು ಮೊಮ್ಮಗನ ಮಗಳು ಕೇಳಿದಳು.

"ನಿಮ್ಮಪ್ಪುನ್ನ ಕೇಳು."

ಆಚಾರಿಯೂ ಇಲ್ಲ, ಅವನ ಮಗಳೂ ಇಲ್ಲ... ಬೀರುವಿನ ಹಿಂದಿನ ಇಲಿಯನ್ನು ಎಳೆದು ಹಾಕಲು ನಾನು ಕಡ್ಡಿ ಹುಡುಕಿದೆ.