ಬಾಯೊಳಗಿನ ಮರಿಗಳು

ಹಾನಗಲ್ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಡಾಕ್ಟರ್ ಧೀರೇಂದ್ರ ಅವರ ಹಲ್ಲಿನ ದವಾಖಾನೆ. ಅಲ್ಲಿ ಕಸ ಗುಡಿಸಿ, ರೋಗಿಗಳ ಹೆಸರು ಕೂಗಿ, ರಕ್ತದ ಬೇಸಿನ್ ತೊಳೆಯುತ್ತಿದ್ದವಳು ನೀಲಾಂಬಿಕಾ. ಗಂಡ ಇನ್ನೊಬ್ಬಳನ್ನು ಮನೆಗೆ ತಂದ ದಿನವೇ ಒಂದು ಕೈಚೀಲ ಹಿಡಿದು ಆಡೂರಿನಿಂದ ಬಸ್ ಹತ್ತಿ ಬಂದವಳು. ಹನ್ನೊಂದು ವರ್ಷ ಅಲ್ಲೇ ದುಡಿದು ಎಲ್ಲರಿಗೂ ನೀಲವ್ವ ಆಗಿದ್ದಳು.

ಕಾಯುವ ಕೋಣೆಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ ಇತ್ತು. ಹಲ್ಲು ಕೀಳಿಸಿಕೊಳ್ಳಲು ಬಂದವರ ಹೆದರಿಕೆ ಇಳಿಯಲೆಂದು ಡಾಕ್ಟರು ಇಡಿಸಿದ್ದು. ಆ ಮೀನುಗಳನ್ನು ಸಾಕಿದ್ದು ಮಾತ್ರ ನೀಲವ್ವ. ನಳದ ನೀರಿನ ಕ್ಲೋರಿನ್ ಔಷಧಿ ಮೀನಿಗೆ ವಿಷ; ಅದು ಹಾರಿಹೋಗಲೆಂದು ಎರಡು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು, ಆಮೇಲೆ ಒಂದೊಂದೇ ಚರಿಗೆ ಸುರಿಯುವಳು.

ಒಮ್ಮೆ ಒಂದು ಹಳದಿ ಮೀನು ಮೇವು ಬಿಟ್ಟು ಮೂಲೆ ಹಿಡಿದಿತ್ತು. ಗದ್ದ ಊದಿಕೊಂಡಿತ್ತು. ತೊಟ್ಟಿಯ ಮೀನು ಮಾರುವ ಸವಣೂರಿನ ಮುಬಶೀರ ಬಂದಾಗ ತೋರಿಸಿದಳು.

"ಬಾಯಾಗ ತತ್ತಿ ಇಟ್ಕೊಂಡೈತಿ ಅಕ್ಕಾ. ಅಲ್ಲೇ ಮರಿ ಆಗ್ತಾವು. ಮೂರ್ ವಾರದ ಮ್ಯಾಲ ತಾನ ಉಗುಳ್ತೈತಿ."

"ಅಲ್ಲಿತನಕ ಉಣ್ಣೂದ ಇಲ್ಲೇನ?"

"ಇಲ್ಲ. ನುಂಗಿದ್ರ ಮಕ್ಕಳ ಹೋಗ್ತಾವಲ್ಲ."

ಅಂದಿನಿಂದ ನೀಲವ್ವನಿಗೆ ಬೇರೆ ಧ್ಯಾನವಿಲ್ಲ. ಸ್ಟೋರಿನಲ್ಲಿ ಬಿದ್ದಿದ್ದ ಸಣ್ಣ ತೊಟ್ಟಿಯನ್ನು ಉಪ್ಪು ಹಚ್ಚಿ ತಿಕ್ಕಿ, ದೊಡ್ಡದರ ಪಕ್ಕಕ್ಕೆ ತಂದಿಟ್ಟಳು. ಮರಿಗಳಿಗೆ ಹೊಸದೆನಿಸಬಾರದೆಂದು ದೊಡ್ಡ ತೊಟ್ಟಿಯ ನೀರನ್ನೇ ಅರ್ಧ ತುಂಬಿದಳು. ಅಡಗಲು ನಾಲ್ಕು ನುಣುಪು ಕಲ್ಲು ಜೋಡಿಸಿದಳು. ನೀರು ಸೋಸುವ ಯಂತ್ರದ ಕೊಳವೆ ಮರಿಗಳನ್ನು ಎಳೆದುಕೊಳ್ಳದಂತೆ ತನ್ನ ಹಳೇ ವಾಯಿಲ್ ಸೀರೆಯ ತುಂಡನ್ನು ಅದರ ಬಾಯಿಗೆ ಬಿಗಿದು ಕಟ್ಟಿದಳು. ಮೇವನ್ನು ಬೆರಳಲ್ಲಿ ಅರೆದು ಹಿಟ್ಟು ಮಾಡಿಟ್ಟಳು.

ಹದಿನೇಳನೆಯ ದಿನ ಶನಿವಾರ. ಹುಬ್ಬಳ್ಳಿಯ ಹಾಸ್ಟೆಲಿನಿಂದ ಡಾಕ್ಟರ ಮಗಳು ಹರಿಪ್ರಿಯಾ ಬಂದಿದ್ದಳು. ಸಂಜೆ ಬೆಂಚಿನ ತುಂಬ ರೋಗಿಗಳು. ಡಾಕ್ಟರು ಕೈಗವಸು ಹಾಕಿಕೊಂಡು ಹೊರಗೆ ಬಂದರು.

"ನೀಲವ್ವ, ಆ ಮೀನು ಹಿಡಿ. ಮರಿ ತಗೀತೇನಿ."

"ಇನ್ನೂ ನಾಲ್ಕ್ ದಿನ ತಡೀರಿ ಸಾಹೇಬ್ರ. ಅವಕ್ಕ ಈಜಾಕ ಬರೂದಿಲ್ಲ."

"ಮಗಳು ಸೋಮವಾರ ಹೋಗ್ಲಿಕ್ಕತ್ತಾಳ. ದಿನಾ ಇಪ್ಪತ್ತು ಮಂದಿ ಬಾಯಿ ತಗಸ್ತೇನಿ, ಒಂದು ಮೀನಿಂದು ತಗಸ್ಲಿಕ್ಕೆ ಆಗಂಗಿಲ್ಲೇನು?"

ಬೆಂಚಿನವರು ನಕ್ಕರು. ಡಾಕ್ಟರು ಎಡಗೈಯಲ್ಲಿ ಮೀನು ಹಿಡಿದು, ಹಲ್ಲು ಕೆದಕುವ ಸಲಾಕೆಯಿಂದ ಕೆಳದವಡೆ ಎಳೆದರು. ಮೀನು ಬಾಯಿ ಬಿಗಿಹಿಡಿಯಿತು. ಮತ್ತೆ ಎಳೆದರು. ಸಣ್ಣ ತೊಟ್ಟಿಯ ನೀರಿಗೆ ಒಂದೊಂದಾಗಿ ಮರಿಗಳು ಬಿದ್ದವು. ಅಕ್ಕಿನುಚ್ಚಿನಷ್ಟು ಮೈ, ಅದಕ್ಕೆ ಮೀರಿದ ಕಣ್ಣು, ಹೊಟ್ಟೆಯ ಕೆಳಗೆ ಕರಗದ ಹಳದಿ ಗಂಟು. ಹದಿನೇಳು ಎಂದು ನೀಲವ್ವ ಮನಸ್ಸಿನಲ್ಲೇ ಎಣಿಸಿದಳು. ತಾಯಿಯ ದವಡೆ ಸೊಟ್ಟಗಾಗಿತ್ತು. ಅದನ್ನು ಹಾಗೇ ದೊಡ್ಡ ತೊಟ್ಟಿಗೆ ಎಸೆದರು. ಉಳಿದ ಮೀನುಗಳು ಅದರ ರೆಕ್ಕೆ ಹರಿಯತೊಡಗಿದವು.

ಹರಿಪ್ರಿಯಾ ವಿಡಿಯೋಗೆಂದು ಫೋನು ಎತ್ತಿದಳು. ಡಾಕ್ಟರಿಗೆ ಕೊಳವೆಯ ಬಟ್ಟೆ ಕಂಡಿತು. "ಈ ಚಿಂದಿ ಅರಬಿ ವಿಡಿಯೋದಾಗ ಚಂದ ಕಾಣಂಗಿಲ್ಲ" ಎಂದು ಕಿತ್ತು ಬಿಸಾಡಿದರು.

"ಬ್ಯಾಡ್ರಿ ಸಾಹೇಬ್ರ..."

ಮರಿಗಳು ನೀರಿನ ಸೆಳವಿಗೆ ಒಂದರ ಹಿಂದೊಂದು ಸರಿದು ಕೊಳವೆಯೊಳಗೆ ಹೋದವು. "ಪಪ್ಪಾ, ಎಲ್ಲಿ ಹೋಗ್ಲಿಕ್ಕತ್ತಾವ?" ಎಂದು ಹುಡುಗಿ ಚೀರಿದಳು. ನೀಲವ್ವ ಓಡಿ ಪ್ಲಗ್ ಕೀಳುವಷ್ಟರಲ್ಲಿ ಎರಡು ಉಳಿದಿದ್ದವು. ಅವೂ ಮಗ್ಗುಲಾಗಿ ಬಿದ್ದಿದ್ದವು.

ಮಗಳು ಅಳತೊಡಗಿದಳು. ಡಾಕ್ಟರು ತಲೆ ಸವರಿದರು. "ನೀಲವ್ವ ಅರಬಿ ಕಟ್ಲಿಕ್ಕೆ ಮರ್ತಾಳ ಪುಟ್ಟಾ. ಇಂಥವರ ಕೈಗೆ ಕೊಟ್ರ ಹಿಂಗ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ನೀಲವ್ವ ಎದುರು ಮಾತಾಡಿದಳು. "ನಾ ಕಟ್ಟಿದ್ನಿರಿ. ನೀವ ಬಿಚ್ಚಿದ್ರಿ. ಎಲ್ಲಾರೂ ನೋಡ್ಯಾರ."

ಡಾಕ್ಟರು ಬೆಂಚಿನ ಕಡೆ ತಿರುಗಿದರು. "ಯಾರು ನೋಡೀರಿ?"

ಮುಂದೆ ಕುಳಿತಿದ್ದವಳು ಸರೋಜವ್ವ, ನೀಲವ್ವನ ಓಣಿಯವಳೇ. ಬಾಯಿ ಬೊಚ್ಚಾಗಿದ್ದ ಅವಳನ್ನು, ಹಲ್ಲಿನ ಸೆಟ್ಟು ಹಾಕಿಸಲು ಕೈಹಿಡಿದು ಕರೆತಂದವಳು ನೀಲವ್ವ. ಅವಳು ನೆಲ ನೋಡುತ್ತ, "ನಾ ನೋಡಿಲ್ರಿ ಸಾಹೇಬ್ರ" ಅಂದಳು. ಉಳಿದವರು ತಮ್ಮ ಚೀಟಿ ತಿರುವತೊಡಗಿದರು.

"ಕೀಲಿ ಇಟ್ಟು ಹೋಗು" ಎಂದರು ಡಾಕ್ಟರು, ದನಿ ಏರಿಸದೆ.

ಮೂರನೆಯ ದಿನ ಸರೋಜವ್ವ ಹೊಸ ಹಲ್ಲು ಕಟಕಟ ಅನ್ನಿಸುತ್ತ ನೀಲವ್ವನ ಹೊಸ್ತಿಲಿಗೆ ಬಂದಳು. "ಸಿಟ್ಟಾಗಬ್ಯಾಡವ್ವ. ನೀ ಬಿಟ್ಟಿದ್ದನ್ನ ಯಾರರ ಮಾಡಬೇಕಲ್ಲ. ಸಾಹೇಬ್ರು ನನ್ನ ಕರದ್ರು. ಆ ಮೀನಿನ ನೀರು ಹೆಂಗ ಬದಲ ಮಾಡೂದ?"

ನೀಲವ್ವ ಅಕ್ಕಿ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ. "ಎಲ್ಲಾ ನೀರ್ ತಗದಬಿಡು. ಹೊಲಸಾಗೈತಿ. ನಳ ಬಂದ ಕೂಡ್ಲೆ ಪೈಪ್ ಹಚ್ಚಿ ತುಂಬು. ಹೊಸಾ ನೀರಂದ್ರ ಮೀನಿಗೆ ಭಾಳ ಸೇರ್ತೈತಿ."

"ನೀ ಪುಣ್ಯವಂತಿ" ಎಂದು ಸರೋಜವ್ವ ಹೋದಳು.

ಓಣಿಗೆ ನಾಲ್ಕು ಗಂಟೆಗೆ ನೀರು ಬಂತು. ಔಷಧಿಯ ವಾಸನೆ ಮೂಗಿಗೆ ಹೊಡೆಯುವಷ್ಟಿತ್ತು. ಅದೇ ನೀರು ದವಾಖಾನೆಗೂ ಬಂದಿರುತ್ತದೆ. ಓಡಿದರೆ ಐದು ನಿಮಿಷದ ದಾರಿ. ತನ್ನ ಕೈಯಿಂದ ತಿಂದು ಬೆಳೆದ ಮೀನುಗಳಲ್ಲಿ ಯಾವುದು ಮೊದಲು ಮೇಲೆ ಬಂದು ಬಾಯಿ ಬಿಡುತ್ತದೆಂಬುದೂ ಅವಳಿಗೆ ಗೊತ್ತಿತ್ತು. ನೀಲವ್ವ ತನ್ನ ಎರಡೂ ಕೊಡ ತುಂಬಿಸಿಕೊಂಡು ಒಳಗೆ ಬಂದು ಬಾಗಿಲು ಹಾಕಿಕೊಂಡಳು.

ಕತ್ತಲಾಗುವಷ್ಟರಲ್ಲಿ ದವಾಖಾನೆಯ ತೊಟ್ಟಿಯಲ್ಲಿ ಒಂದು ಮೀನೂ ಉಳಿದಿರಲಿಲ್ಲ. ಡಾಕ್ಟರು ಸರೋಜವ್ವನನ್ನು ರೋಗಿಗಳೆದುರೇ ಬೈದು ಹೊರಗೆ ಹಾಕಿದರು. ಸೆಟ್ಟು ಒಸಡಿಗೆ ಒತ್ತಿ ಹುಣ್ಣಾದಾಗ ಸರಿಮಾಡಿಸಲು ಹೋದರೆ ಬಾಗಿಲಿನಿಂದಲೇ ಕಳಿಸಿದರು. ಈಗ ಅವಳು ಸೆಟ್ಟು ತೆಗೆದಿಟ್ಟು ಗಂಜಿ ಕುಡಿಯುತ್ತಾಳೆ.

ನೀಲವ್ವ ಅಕ್ಕಿ ಗಿರಣಿಯಲ್ಲಿ ನುಚ್ಚು ತೂರುವ ಕೆಲಸ ಹಿಡಿದಳು. ಮೊನ್ನೆ ಹೊರಟಾಗ ಸರೋಜವ್ವ ಓಣಿಯಲ್ಲಿ ಅಡ್ಡ ನಿಂತಳು.

"ನಿನಗ ಗೊತ್ತಿತ್ತೇನ, ಅವು ಸಾಯ್ತಾವಂತ?"

"ಗೊತ್ತಿತ್ತು."

ಸರೋಜವ್ವನ ಬೊಚ್ಚು ಬಾಯಿ ತೆರೆದುಕೊಂಡಿತು. ನೀಲವ್ವ ಅವಳನ್ನು ಬಳಸಿಕೊಂಡು ಗಿರಣಿಯ ದಾರಿ ಹಿಡಿದಳು.